ಅಂತರಿಕ್ಷದ ಅರಮನೆಗೊಬ್ಬ ರಾಯಸದವಳು: ಮನೆತನದ ಮಹಾಕಥೆಯನ್ನು ಕಲ್ಪಿತ ಚರಿತ್ರಕಾರರ ಕೈಯಲ್ಲಿ ಬರೆಸುವ ಬಗೆ

ಸಾಗರದಿಂದ ಇಕ್ಕೇರಿ ಕೆಲವೇ ಕಿಲೋಮೀಟರ್ ದೂರ. ಅಘೋರೇಶ್ವರ ದೇವಾಲಯಕ್ಕೆ ಬಂದವರು ತಲೆ ಎತ್ತಿ ಕಂಬ, ಛಾವಣಿ, ಜಾಲಂಧ್ರಗಳನ್ನು ನೋಡುತ್ತಾರೆ. ಕಥೆ ಬರೆಯಲು ಹೊರಟ ಮೇಲೆ ನಾನು ಅಲ್ಲಿ ತಲೆ ತಗ್ಗಿಸಿ ನೆಲ ನೋಡಲು ಕಲಿತೆ. ಗರ್ಭಗುಡಿಯ ಎದುರಿನ ಕಲ್ಲುಹಾಸಿನ ಮೇಲೆ ಕೆಳದಿಯ ಮೂವರು ನಾಯಕರು ದೇವರಿಗೆ ನಮಸ್ಕರಿಸುತ್ತಿರುವ ಚಿತ್ರಗಳಿವೆ, ಮೇಲೆ ಅವರವರ ಹೆಸರಿದೆ. ಒಬ್ಬನ ಕೈಕಾಲಿಗೆ ಸಂಕೋಲೆ ಇದೆ. ಹಳೆಯ ಗೆಜೆಟಿಯರ್ ಅವನನ್ನು ಹುಚ್ಚ ಸೋಮಶೇಖರ ಎಂದು ಗುರುತಿಸುತ್ತದೆ.

ಆ ಸಂಕೋಲೆಯನ್ನು ಕೊರೆದ ಶಿಲ್ಪಿಯೂ ಅದೇ ಮನೆತನದ ಅನ್ನ ಉಂಡವನೇ ಇರಬೇಕು. ಅದನ್ನು ಕೊರೆ ಎಂದು ಅವನಿಗೆ ಯಾರಾದರೂ ಅಪ್ಪಣೆ ಕೊಟ್ಟರೇ, ಅಥವಾ ಅವನೇ ಧೈರ್ಯ ಮಾಡಿದನೇ? ದೇವರ ಎದುರು, ನಾಲ್ಕು ಜನ ತುಳಿದು ಓಡಾಡುವ ನೆಲದ ಮೇಲೆ, ದೊರೆಯನ್ನು ಬಂಧಿಯಾಗಿ ತೋರಿಸುವುದು ಮರ್ಯಾದೆಯೋ ಅವಮಾನವೋ? ಈ ಪ್ರಶ್ನೆಗಳು ನನ್ನನ್ನು ಬಹಳ ಕಾಲ ಬಿಡಲಿಲ್ಲ. ಆಗ ನಾನು ಶನಿಗ್ರಹದ ಉಪಗ್ರಹವೊಂದನ್ನು ಆಳುವ ಮನೆತನದ ಕಥೆ ಬರೆಯುತ್ತಿದ್ದೆ. ಮುನ್ನೂರು ಪುಟ ಮುಗಿದರೂ ಅದರಲ್ಲಿ ಜೀವ ಇರಲಿಲ್ಲ. ಹೇಳುವವರಿಗೆ ಮನೆಯಿರಲಿಲ್ಲ, ಭಯವಿರಲಿಲ್ಲ, ಹಸಿವಿರಲಿಲ್ಲ. ಮೇಲಿನಿಂದ ಎಲ್ಲವನ್ನೂ ನೋಡುವ ಕಣ್ಣೊಂದು ಮಾತ್ರ ಇತ್ತು. ಇಕ್ಕೇರಿಯ ನೆಲ ನೋಡಿದ ಮೇಲೆ ಆ ಮುನ್ನೂರು ಪುಟಗಳನ್ನು ಬದಿಗಿಟ್ಟು, ಕಥೆಯನ್ನು ಅರಮನೆಯ ಒಳಗೇ ಇರುವ ಒಬ್ಬಳು ಬರಹಗಾರ್ತಿಯ ಕೈಗೆ ಕೊಟ್ಟೆ. ಅಲ್ಲಿಂದ ಮುಂದೆ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಉದಾಹರಣೆಗಳು ಆ ನನ್ನ ಕಥೆಯವು: ಮನೆತನದ ಹೆಸರು ಮಂಜುಕೋಟೆ, ಬರೆಯುವವಳು ರಾಯಸದ ನಾಗವೇಣಿ. ಅರಸರ ಕಾಲದಲ್ಲಿ ಓಲೆ, ಅಪ್ಪಣೆ ಬರೆಯುವ ಕೆಲಸಕ್ಕೆ ರಾಯಸ ಎಂದೇ ಹೆಸರಿತ್ತು. ಆ ಪದವನ್ನು ನಾನು ಹಾಗೆಯೇ ಉಳಿಸಿಕೊಂಡೆ.

ಮೊದಲ ಹೆಜ್ಜೆ: ಬರೆಯುವವರು ಯಾರ ಅನ್ನ ಉಣ್ಣುತ್ತಾರೆ?

ಗ್ರಹಗಳ ನಕ್ಷೆ, ನೌಕೆಗಳ ಹೆಸರು, ಯುದ್ಧಗಳ ಪಟ್ಟಿ ಇವೆಲ್ಲ ಆಮೇಲೆ ಬರಲಿ. ಮೊದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ಚರಿತ್ರಕಾರರ ಋಣಗಳನ್ನು ಬರೆಯಿರಿ. ಊಟ ಯಾರದು, ಮಲಗುವ ಕೋಣೆ ಯಾರದು, ಅಕ್ಷರ ಕಲಿಸಿದವರು ಯಾರು, ಮಗನಿಗೆ ಕೆಲಸ ಕೊಡಿಸಿದವರು ಯಾರು, ಕಾಯಿಲೆ ಬಂದಾಗ ಔಷಧ ಎಲ್ಲಿಂದ ಬಂತು. ಈ ಹಾಳೆ ತುಂಬದೆ ಒಂದು ಸಾಲು ಕಥೆಯನ್ನೂ ಬರೆಯಬೇಡಿ ಎಂದು ನಾನು ಒತ್ತಾಯದಿಂದಲೇ ಹೇಳುತ್ತೇನೆ.

ನಮ್ಮಲ್ಲಿ ಎರಡು ಮಾತುಗಳಿವೆ. ಉಂಡ ಮನೆಗೆ ಎರಡು ಬಗೆಯಬಾರದು ಎನ್ನುವುದು ಒಂದು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುವುದು ಇನ್ನೊಂದು. ಮನೆತನದ ಚರಿತ್ರೆ ಬರೆಯುವವರು ಈ ಎರಡು ಮಾತುಗಳ ನಡುವೆ ಬದುಕುತ್ತಾರೆ. ಋಣ ಒಂದು ಕಡೆಗೆ ಎಳೆಯುತ್ತದೆ, ಕಣ್ಣು ಇನ್ನೊಂದು ಕಡೆಗೆ. ಆ ಎಳೆದಾಟವೇ ನಿಮ್ಮ ಕಥೆ. ಯುದ್ಧ, ಪಟ್ಟಾಭಿಷೇಕ, ಮೋಸ ಎಲ್ಲವೂ ಅದರ ಸುತ್ತ ಸುತ್ತುವ ಘಟನೆಗಳು.

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಒಮ್ಮೆ ಹೋಗಿಬನ್ನಿ. ಪ್ರಣವೇಶ್ವರ ದೇವಾಲಯದ ಎದುರಿನ ಕಂಬದ ಮೇಲೆ ಐದನೆಯ ಶತಮಾನದ ಸಂಸ್ಕೃತ ಶಾಸನವಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ ಅದನ್ನು ರಚಿಸಿದ ಕವಿಯ ಹೆಸರು ಕುಬ್ಜ. ಕಲ್ಲಿನ ಮೇಲೆ ಬರೆದವನೂ ತಾನೇ ಎಂದು ಅವನು ಹೇಳಿಕೊಂಡಿದ್ದಾನೆ. ವೇದ ಓದಲು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ಕಥೆ ನಮಗೆ ತಿಳಿದಿರುವುದು ಆ ಕಂಬದಿಂದಲೇ. ಕುಬ್ಜ ಬರೆಯುವ ಹೊತ್ತಿಗೆ ಆ ಜಗಳ ನಡೆದು ಒಂದು ಶತಮಾನದಷ್ಟು ಕಾಲ ಕಳೆದಿತ್ತು. ಮಯೂರನ ಮರಿಮಗನ ಮಗ ಸಿಂಹಾಸನದ ಮೇಲಿದ್ದ, ಹೆಣ್ಣುಮಕ್ಕಳನ್ನು ಗುಪ್ತರಂಥ ದೊಡ್ಡ ಮನೆತನಗಳಿಗೆ ಕೊಟ್ಟಾಗಿತ್ತು, ಶರ್ಮ ಎಂಬ ಹೆಸರು ವರ್ಮ ಎಂದಾಗಿತ್ತು. ಇಂಥ ಮನೆತನಕ್ಕೆ ತಾನು ಎಲ್ಲಿಂದ ಬಂದೆ ಎಂದು ಹೇಳುವ ಕಥೆ ಬೇಕಾಗುತ್ತದೆ. ಕುಬ್ಜ ಆ ಕೆಲಸವನ್ನು ಸೊಗಸಾಗಿ ಮಾಡಿಕೊಟ್ಟ. ಆದರೆ ಕೊನೆಯಲ್ಲಿ ತನ್ನ ಹೆಸರನ್ನು ಸೇರಿಸಿದ, ಆ ಹೆಸರು ರಾಜರ ಹೆಸರಿನಷ್ಟೇ ಕಾಲ ಬಾಳಿದೆ. ನಿಮ್ಮ ಚರಿತ್ರಕಾರರಲ್ಲಿ ಆ ಒಂದು ಚಿಕ್ಕ ಆಸೆ ಇರಲೇಬೇಕು.

ಋಣದ ಹಾಳೆಯ ಕೆಳಗೆ ಇನ್ನೂ ಮೂರು ವಿಷಯ ಬರೆಯಿರಿ: ಈ ಗ್ರಂಥವನ್ನು ಈಗಲೇ ಬರೆಸುತ್ತಿರುವುದು ಏಕೆ, ಮೊದಲು ಓದುವವರು ಯಾರು, ಅವರು ಓದಿ ಸಿಟ್ಟಾದರೆ ಆಗುವ ನಷ್ಟ ಏನು. ನನ್ನ ನಾಗವೇಣಿಯ ಹಾಳೆ ಹೀಗಿತ್ತು: ತಾಯಿ ಮಂಜುಕೋಟೆಯ ಉಗ್ರಾಣದಲ್ಲಿ ಕೆಲಸಕ್ಕಿದ್ದವಳು, ಎಂಟನೆಯ ವಯಸ್ಸಿನಲ್ಲಿ ಭೈರಮ್ಮ ಒಡತಿಯೇ ಕೂರಿಸಿಕೊಂಡು ಅಕ್ಷರ ಕಲಿಸಿದಳು, ಒಡತಿಯ ತಮ್ಮ ಸೋಮಣ್ಣನ ಮೇಲೆ ಯಾರಿಗೂ ಹೇಳದ ಪ್ರೀತಿ, ಗ್ರಂಥವನ್ನು ಮೊದಲು ಓದುವವಳು ಒಡತಿ. ಇಷ್ಟು ಬರೆದ ದಿನವೇ ಕಥೆ ತಾನಾಗಿ ನಡೆಯತೊಡಗಿತು.

ಎರಡನೆಯ ಹೆಜ್ಜೆ: ಮನೆತನದ ಕೈಯಲ್ಲಿರುವ ಬಾಗಿಲು

ಮನೆತನವೊಂದು ದೊಡ್ಡದಾಗುವುದು ಶೌರ್ಯದಿಂದ ಮಾತ್ರವಲ್ಲ. ಕೆಳದಿಯವರ ಶಕ್ತಿಯನ್ನು ತಿಳಿಯಬೇಕಾದರೆ ಘಟ್ಟದ ದಾರಿಗಳನ್ನು ನೋಡಬೇಕು. ಮೇಲಿನ ಸೀಮೆಯ ಮೆಣಸು, ಅಕ್ಕಿ ಕರಾವಳಿಯ ಬಂದರಿಗೆ ಇಳಿಯಬೇಕಾದರೆ ಘಟ್ಟ ದಾಟಲೇಬೇಕು, ಘಟ್ಟದ ಬಾಯಿ ಅವರ ಕೈಯಲ್ಲಿತ್ತು. ಪೋರ್ಚುಗೀಸರಂಥವರೂ ಮೆಣಸಿಗಾಗಿ ಅವರ ಬಾಗಿಲಿಗೆ ಬರಬೇಕಾಯಿತು. ನಿಮ್ಮ ಮನೆತನಕ್ಕೂ ಇಂಥ ಒಂದು ಬಾಗಿಲು ಕೊಡಿ, ಅದು ಒಂದೇ ಇರಲಿ. ಇಡೀ ನಕ್ಷತ್ರಮಂಡಲವನ್ನು ಆಳುವ ಸಾಮ್ರಾಟರಿಗಿಂತ ಒಂದು ಇಕ್ಕಟ್ಟಾದ ದಾರಿಯ ಸುಂಕದ ಕಟ್ಟೆಯನ್ನು ಹಿಡಿದು ಕೂತ ಮನೆತನ ಕಥೆಗೆ ಎಷ್ಟೋ ಮೇಲು.

ನಾನು ಆರಿಸಿಕೊಂಡದ್ದು ಶನಿಯ ಅತಿ ದೊಡ್ಡ ಉಪಗ್ರಹ ಟೈಟಾನ್. ಮಲೆನಾಡಿನವರಿಗೆ ಅಲ್ಲಿನ ಸಂಗತಿಗಳು ಕೂಡಲೇ ಮನಸ್ಸಿಗೆ ಹತ್ತುತ್ತವೆ. ದಟ್ಟವಾದ ನೈಟ್ರೋಜನ್ ವಾತಾವರಣ, ನೆಲದ ಮಟ್ಟದಲ್ಲಿ ಭೂಮಿಯ ಒಂದೂವರೆ ಪಟ್ಟು ಒತ್ತಡ. ಸುಮಾರು ಮೈನಸ್ 179 ಡಿಗ್ರಿ ಚಳಿಯಲ್ಲಿ ಮೀಥೇನ್ ಮೋಡವಾಗಿ, ಮಳೆಯಾಗಿ, ಹೊಳೆಯಾಗಿ ಹರಿದು ಧ್ರುವದ ಬಳಿಯ ಸರೋವರಗಳನ್ನು ಸೇರುತ್ತದೆ. ಗುರುತ್ವ ಭೂಮಿಯ ಏಳನೆಯ ಒಂದು ಭಾಗದಷ್ಟು, ಆದ್ದರಿಂದ ಹನಿ ಬೂರುಗದ ಅರಳೆಯಂತೆ ಮೆಲ್ಲಗೆ ಇಳಿಯುತ್ತದೆ. ಕಿತ್ತಳೆ ಬಣ್ಣದ ಮಬ್ಬು ಆಕಾಶವನ್ನು ಸದಾ ಮುಚ್ಚಿರುತ್ತದೆ. ಆಷಾಢದಲ್ಲಿ ವಾರಗಟ್ಟಲೆ ಸೂರ್ಯನನ್ನು ಕಾಣದೆ ಇದ್ದವರಿಗೆ ನಕ್ಷತ್ರವನ್ನೇ ಕಾಣದ ಅಂತರಿಕ್ಷದ ಅರಸರು ಹೇಗಿರುತ್ತಾರೆ ಎಂದು ಹೇಳಿಕೊಡಬೇಕಾಗಿಲ್ಲ.

ಶನಿ ಸೂರ್ಯನನ್ನು ಒಂದು ಸುತ್ತು ಬರಲು ನಮ್ಮ 29 ವರ್ಷಕ್ಕೂ ಹೆಚ್ಚು ಕಾಲ ಬೇಕು. ಹಾಗಾಗಿ ಟೈಟಾನಿನ ಒಂದೊಂದು ಋತು ಏಳು ವರ್ಷ ದಾಟುತ್ತದೆ. ಮಳೆ ಅಪರೂಪ, ಬಂದರೆ ಜಡಿ. ಇಪ್ಪತ್ತರ ಯುವಕನಿಗೆ ಹಿಂದಿನ ಮಳೆಗಾಲ ಗೊತ್ತೇ ಇಲ್ಲದಿರಬಹುದು. ಯಾವ ಕಣಿವೆಯಲ್ಲಿ ಹೊಳೆ ಏರಿತು, ಯಾವ ದಂಡೆ ಕುಸಿಯಿತು ಎಂದು ಬರೆದಿಟ್ಟವರೇ ಅಲ್ಲಿ ಬದುಕಿಗೆ ಆಧಾರ. ಮಂಜುಕೋಟೆಗೆ ರಾಯಸದವರು ಏಕೆ ಬೇಕು ಎಂಬ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ಮನೆತನ ಕಾದುಕೊಂಡ ಬಾಗಿಲು ಕಡಲಿನ ದಾರಿ, ಅದರ ಬೀಗದ ಕೈ ನಾಗವೇಣಿಯ ಹೊತ್ತಗೆ. ಚರಿತ್ರಕಾರರಿಗೆ ಇಂಥ ಒಂದು ಉಪಯೋಗ ಕೊಡಿ. ಬರೀ ಹೊಗಳುವ ಕೆಲಸವಾದರೆ ಅವರಿಗೆ ಯಾರೂ ಹೆದರುವುದಿಲ್ಲ.

ಬಾಗಿಲು ಗೊತ್ತಾದ ಮೇಲೆ ಲೆಕ್ಕ ಬರೆಯಿರಿ. ಶಿವಪ್ಪ ನಾಯಕನ ಶಿಸ್ತು ಎಂದು ನಾವು ಇಂದಿಗೂ ಹೇಳುವುದು ಅವನ ಕಂದಾಯದ ವ್ಯವಸ್ಥೆಯನ್ನು. ಹನ್ನೆರಡು ವರ್ಷ ಸತತವಾಗಿ ಸ್ವಂತ ಖರ್ಚಿನಲ್ಲಿ ಗದ್ದೆ ಬೆಳೆಸಿ, ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು, ಬೆಲೆ ಎಷ್ಟು ಎಂದು ಬರೆಸಿ, ಸರಾಸರಿ ತೆಗೆದು ತೆರಿಗೆ ಕಟ್ಟಿದ ಎಂದು ಗೆಜೆಟಿಯರ್‌ಗಳು ಹೇಳುತ್ತವೆ. ನಿಮ್ಮ ಗ್ರಹಕ್ಕೂ ಹಾಗೆ ಹನ್ನೆರಡು ವರ್ಷದ ಲೆಕ್ಕ ಬರೆಯಿರಿ: ಉಸಿರಾಡುವ ಗಾಳಿ ಎಷ್ಟು ತಯಾರಾಯಿತು, ಯಾರಿಗೆ ಎಷ್ಟು ಹಂಚಿಕೆ, ಸುಂಕ ಎಷ್ಟು, ಬಾಕಿ ಯಾರದು. ಒಂದೇ ಒಂದು ಸಂಖ್ಯೆಯೂ ಕಥೆಯಲ್ಲಿ ಬರದಿದ್ದರೂ ಪರವಾಗಿಲ್ಲ. ಅಡಿಕೆ ಮಂಡಿಯಲ್ಲಿ ಕೂತು ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಕೈಯಲ್ಲಿ ಹಿಡಿದೇ ಗುರುತಿಸುವವರ ಮುಖದಲ್ಲಿ ಒಂದು ನಿಶ್ಚಯ ಇರುತ್ತದೆ. ಲೆಕ್ಕ ಗೊತ್ತಿರುವ ಕಥೆಗಾರರ ವಾಕ್ಯದಲ್ಲೂ ಅದು ಬರುತ್ತದೆ.

ಮೂರನೆಯ ಹೆಜ್ಜೆ: ವಂಶವೃಕ್ಷಕ್ಕೆ ಎರಡು ವಯಸ್ಸು

ಕೆಳದಿಯ ಆಳಿಕೆ 1499ರ ಹೊತ್ತಿಗೆ ಚೌಡಪ್ಪ ನಾಯಕನಿಂದ ಆರಂಭವಾಗಿ 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರನ್ನು ಹಿಡಿಯುವುದರೊಂದಿಗೆ ಮುಗಿಯಿತು. ಸುಮಾರು 264 ವರ್ಷ. ಶನಿಯ ವರ್ಷದಲ್ಲಿ ಎಣಿಸಿದರೆ ಬರೀ ಒಂಬತ್ತು. ಇಷ್ಟು ಗೊತ್ತಾದ ಕೂಡಲೇ ನಾನು ನನ್ನ ವಂಶವೃಕ್ಷವನ್ನು ಹರಿದುಹಾಕಿ ಹೊಸದಾಗಿ ಬರೆದೆ.

ಕಾಲವನ್ನು ಎಣಿಸುವ ಕ್ರಮವನ್ನು ಹೊರಗಿನಿಂದ ತರಬೇಡಿ, ನಮ್ಮ ಪಂಚಾಂಗದಲ್ಲೇ ಇದೆ. ಅರವತ್ತು ಸಂವತ್ಸರಗಳ ಚಕ್ರ ಗ್ರಹಗತಿಗೆ ಹೊಂದಿಕೊಂಡದ್ದು. ಗುರುವಿನ ಒಂದು ಸುತ್ತಿಗೆ ಸುಮಾರು 11.86 ವರ್ಷ, ಐದು ಸುತ್ತಿಗೆ 59.3. ಶನಿಯ ಒಂದು ಸುತ್ತಿಗೆ 29.46, ಎರಡು ಸುತ್ತಿಗೆ 58.9. ಎರಡೂ ಅರವತ್ತರ ಹತ್ತಿರ ಬಂದು ನಿಲ್ಲುತ್ತವೆ. ಶನಿಯ ನೆರಳಿನಲ್ಲಿ ಬದುಕುವ ಕನ್ನಡಿಗರು ಪ್ರಭವ, ವಿಭವ ಎಂದೇ ಎಣಿಸುತ್ತಾರೆ ಎಂದರೆ ಓದುಗರು ಒಪ್ಪುತ್ತಾರೆ. ಇದರಲ್ಲಿ ಕಥೆಗೆ ಇನ್ನೊಂದು ಲಾಭವಿದೆ. ಸಂವತ್ಸರದ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ‘ಕ್ರೋಧಿ ಸಂವತ್ಸರದಲ್ಲಿ ಒಡೆಯರು ತೀರಿಕೊಂಡರು’ ಎಂದು ಬರೆದರೆ ಯಾವ ಕ್ರೋಧಿ? ಮೊಮ್ಮಗನ ಅಪರಾಧವನ್ನು ಅಜ್ಜನ ತಲೆಗೆ ಕಟ್ಟಲು ಚರಿತ್ರಕಾರರಿಗೆ ಇಷ್ಟು ಸಂದು ಸಾಕು.

ಸೌರಮಂಡಲದ ಒಳಗಿನ ಕಥೆಯಾದರೆ ಸುದ್ದಿಯ ವಿಳಂಬವನ್ನು ಮರೆಯಬೇಡಿ. ಶನಿಯಿಂದ ಭೂಮಿಗೆ ಬೆಳಕು ಬರಲು ಒಂದು ಗಂಟೆಗೂ ಹೆಚ್ಚು, ಗ್ರಹಗಳು ದೂರವಿದ್ದಾಗ ಒಂದೂವರೆ ಗಂಟೆ. ‘ಅಪ್ಪಣೆಯೇ?’ ಎಂದು ಕೇಳಿದವನಿಗೆ ಉತ್ತರ ಸಿಗುವ ಹೊತ್ತಿಗೆ ಎರಡೂಕಾಲರಿಂದ ಮೂರು ಗಂಟೆ. ಆ ಹೊತ್ತಿನಲ್ಲಿ ಒಂದು ಮನೆತನ ಮುಳುಗಬಹುದು.

ನಕ್ಷತ್ರಗಳ ನಡುವಿನ ಕಥೆಯಾದರೆ ವಂಶವೃಕ್ಷದಲ್ಲಿ ಪ್ರತಿಯೊಬ್ಬರಿಗೂ ಎರಡು ವಯಸ್ಸು ಬರೆಯಿರಿ: ಊರಿನ ವಯಸ್ಸು, ನೌಕೆಯ ವಯಸ್ಸು. ಬೆಳಕಿನ ವೇಗದ ಶೇಕಡ 99ರಷ್ಟು ವೇಗದಲ್ಲಿ ಹೋಗುವವರಿಗೆ ಕಾಲ ಏಳು ಪಟ್ಟು ನಿಧಾನ. ಏಳು ಗ್ರಹಗಳಿರುವ ಟ್ರ್ಯಾಪಿಸ್ಟ್-1 ನಕ್ಷತ್ರ ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿದೆ. ಮೂವತ್ತು ವಯಸ್ಸಿನ ಸೋದರತ್ತೆ ಅಲ್ಲಿಗೆ ಹೋಗಿ ತಿರುಗಿ ಬಂದರೆ ಅವಳಿಗೆ ನಲವತ್ತೊಂದು, ನಲವತ್ತೆರಡು. ಅವಳು ಹೊರಟಾಗ ತೊಟ್ಟಿಲಲ್ಲಿದ್ದ ಸೋದರಳಿಯನಿಗೆ ಎಂಬತ್ತು ದಾಟಿರುತ್ತದೆ. ಯಾರು ಯಾರ ಕಾಲಿಗೆ ಬೀಳಬೇಕು? ಪಟ್ಟಕ್ಕೆ ಹಿರಿಯರು ಯಾರು? ತೋಟದ ಪಾಲುಪಟ್ಟಿಯ ಜಗಳ ಕಂಡವರಿಗೆ ಇದರ ತೀವ್ರತೆ ಗೊತ್ತು. ಮನೆಯ ಒಳಗಿನ ಈ ಇಕ್ಕಟ್ಟನ್ನು ಬರೆಯಿರಿ. ಕಾಲ ನಿಧಾನವಾಗುವ ಸೂತ್ರವನ್ನು ವಿವರಿಸುತ್ತಾ ಕೂರಬೇಡಿ.

ನಾಲ್ಕನೆಯ ಹೆಜ್ಜೆ: ಮೂಲದ ಕಥೆ

ಪ್ರತಿ ದೊಡ್ಡ ಮನೆತನಕ್ಕೂ ಒಂದು ಹುತ್ತ, ಒಂದು ಹಾವು, ಒಂದು ನಿಧಿ ಇರುತ್ತದೆ. ಕೆಳದಿಯ ಐತಿಹ್ಯದಲ್ಲೂ ಹೆಡೆ ಬಿಚ್ಚಿದ ಹಾವಿದೆ, ಸಿಕ್ಕಿದ ನಿಧಿಯಿದೆ. ಆ ನಿಧಿಗಾಗಿ ತಮ್ಮನ್ನೇ ಬಲಿ ಕೊಟ್ಟುಕೊಂಡ ಇಬ್ಬರು ಆಳುಗಳಿದ್ದಾರೆ: ಎಡವ ಮತ್ತು ಮುರಾರಿ. ಮುಂದೆ ಕೆಳದಿಯ ಅರಸರು ತಮ್ಮ ಬಿರುದಿನಲ್ಲೇ ‘ಎಡವ ಮುರಾರಿ’ ಎಂದು ಸೇರಿಸಿಕೊಂಡರು. ನನಗೆ ಈ ಕಥೆ ಕೇಳಿದಾಗಲೆಲ್ಲ ಎದೆ ಭಾರವಾಗುತ್ತದೆ. ಹೆಸರು ಉಳಿಯಿತು, ಆದರೆ ಒಡೆಯನ ಬಿರುದಾಗಿ ಉಳಿಯಿತು. ಆ ಇಬ್ಬರ ತಾಯಂದಿರು ಏನು ಹೇಳಿದರು ಎಂದು ಯಾರೂ ಬರೆಯಲಿಲ್ಲ.

ನಿಮ್ಮ ಮನೆತನದ ಮೂಲಕಥೆಯನ್ನು ಎರಡು ಸಲ ಬರೆಯಿರಿ. ಮೊದಲು ಮನೆತನ ಹೇಳಿಕೊಳ್ಳುವ ಹಾಗೆ, ಪೂರ್ಣ ಗೌರವದಿಂದ, ಭಕ್ತಿಯಿಂದ. ಎರಡನೆಯದು ಬಲಿಯಾದವರ ಮನೆಯಲ್ಲಿ ಹೇಳುವ ಹಾಗೆ. ಗ್ರಂಥದಲ್ಲಿ ಮೊದಲನೆಯದನ್ನು ಮಾತ್ರ ಇಡಿ. ಎರಡನೆಯದರಿಂದ ಒಂದು ವಸ್ತುವನ್ನು, ಒಂದು ಹೆಸರನ್ನು, ಒಂದು ಹಾಡಿನ ತುಣುಕನ್ನು ಮಾತ್ರ ಎತ್ತಿಕೊಂಡು ನೂರು ಪುಟದ ಆಚೆ ಎಲ್ಲೋ ಇಡಿ.

ಐದನೆಯ ಹೆಜ್ಜೆ: ದನಿ

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡುವುದು ಇದೇ. ಹಳೆಯ ಕರಡಿನಲ್ಲಿ ನಾನು ಹೀಗೆ ಬರೆದಿದ್ದೆ: ‘ಭೈರಮ್ಮ ಒಡತಿ ಕ್ರೂರಿ. ಅಧಿಕಾರದ ಆಸೆಗೆ ತಮ್ಮ ಸೋಮಣ್ಣನನ್ನು ಸಾವಿನ ದಾರಿಗೆ ಕಳಿಸಿದಳು.’ ವಿಷಯ ಸ್ಪಷ್ಟ, ಆದರೆ ಓದುಗರಿಗೆ ಮಾಡಲು ಏನೂ ಕೆಲಸವಿಲ್ಲ. ಇದೇ ಸಂಗತಿ ನಾಗವೇಣಿಯ ಕೈಯಲ್ಲಿ ಹೀಗಾಯಿತು:

‘ಕ್ರೋಧಿ ಸಂವತ್ಸರದ ಮೂರನೆಯ ಬೆಳಗಿನಲ್ಲಿ ಸೋಮಣ್ಣ ಒಡೆಯರು ಉತ್ತರ ಕಡಲಿನ ಬಾಗಿಲು ನೋಡಿಬರಲು ಹೊರಟರು. ಹೋಗಿಬರುವ ದಾರಿ ಹದಿನಾಲ್ಕು ದಿನದ್ದು. ಉಗ್ರಾಣದ ಲೆಕ್ಕದಂತೆ ಅವರ ದೋಣಿಗೆ ಹನ್ನೊಂದು ದಿನದ ಉಸಿರು ತುಂಬಿಸಲಾಯಿತು. ಅಮ್ಮನವರು ಸ್ವತಃ ಬಂದು ತಮ್ಮನ ಹಣೆಗೆ ಕುಂಕುಮ ಇಟ್ಟರು. ಆ ರಾತ್ರಿ ಊಟ ಮಾಡಲಿಲ್ಲ. ತಮ್ಮನ ಮೇಲೆ ಅವರಿಗಿದ್ದ ಅಕ್ಕರೆ ಅಂಥದ್ದು.’

ಇಲ್ಲಿ ಒಂದೂ ಆರೋಪವಿಲ್ಲ. ಒಡತಿ ಓದಿದರೆ ಹೊಗಳಿಕೆಯೆಂದೇ ಕಾಣುತ್ತದೆ. ಹದಿನಾಲ್ಕಕ್ಕೂ ಹನ್ನೊಂದಕ್ಕೂ ನಡುವೆ ಮೂರು ದಿನ ಉಳಿಯುತ್ತದೆ, ಆ ಮೂರು ದಿನದಲ್ಲಿ ಒಬ್ಬ ಮನುಷ್ಯ ಇದ್ದಾನೆ. ನಾಗವೇಣಿ ಅಂಥ ಸಾಲು ಬರೆಯಬಲ್ಲವಳಾದದ್ದು ಅವಳ ತಾಯಿ ಉಗ್ರಾಣದವಳಾದ್ದರಿಂದ, ಅವಳಿಗೆ ಲೆಕ್ಕವೇ ಮಾತೃಭಾಷೆಯಾದ್ದರಿಂದ. ಮೊದಲ ಹೆಜ್ಜೆಯ ಹಾಳೆ ಇಲ್ಲಿ ಕೈಹಿಡಿಯುತ್ತದೆ.

ಆದ್ದರಿಂದ ನಿಮ್ಮ ಚರಿತ್ರಕಾರರು ಸತ್ಯವನ್ನು ಅಡಗಿಸಿಡುವ ಜಾಗ ಯಾವುದೆಂದು ಮೊದಲೇ ನಿರ್ಧರಿಸಿ. ಲೆಕ್ಕದವರು ಸಂಖ್ಯೆಯಲ್ಲಿ ಅಡಗಿಸುತ್ತಾರೆ, ವೈದ್ಯರು ರೋಗದ ವರ್ಣನೆಯಲ್ಲಿ, ಪುರೋಹಿತರು ಮುಹೂರ್ತದಲ್ಲಿ, ಅಡುಗೆಯವರು ಯಾರಿಗೆ ಎಲೆ ಹಾಕಿದರು, ಯಾರಿಗೆ ಹಾಕಲಿಲ್ಲ ಎಂಬುದರಲ್ಲಿ. ಒಬ್ಬರಿಗೆ ಒಂದೇ ಜಾಗ ಇರಲಿ. ಓದುಗರು ಮೂರನೆಯ ಅಧ್ಯಾಯದ ಹೊತ್ತಿಗೆ ಅದನ್ನು ಪತ್ತೆಹಚ್ಚುತ್ತಾರೆ, ಆಮೇಲೆ ಪ್ರತಿ ಸಾಲಿನಲ್ಲೂ ಅಲ್ಲಿಗೇ ಮೊದಲು ಕಣ್ಣು ಹಾಯಿಸುತ್ತಾರೆ.

ದನಿ ಹದಗೊಳಿಸಲು ಹಳೆಯ ಓಲೆಗಳನ್ನು ಓದಿ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಕಡತಗಳ ಸಂಗ್ರಹವಿದೆ. ಹದಿನೆಂಟನೆಯ ಶತಮಾನದಲ್ಲಿ ಲಿಂಗಣ್ಣ ಕವಿ ಬರೆದ ಕೆಳದಿನೃಪವಿಜಯ ಆ ಮನೆತನದ ಚರಿತ್ರೆಯನ್ನೇ ಹೇಳುವ ಚಂಪೂ ಕಾವ್ಯ. ಓದುವಾಗ ಕವಿ ಎಲ್ಲಿ ಉಬ್ಬಿ ಬರೆಯುತ್ತಾನೆ, ಎಲ್ಲಿ ಒಂದೇ ಮಾತಿನಲ್ಲಿ ದಾಟಿಬಿಡುತ್ತಾನೆ ಎಂದು ಅಂಚಿನಲ್ಲಿ ಗುರುತು ಹಾಕಿ. ಶೈಲಿಯನ್ನು ನಕಲು ಮಾಡುವ ಅಗತ್ಯವಿಲ್ಲ. ದಾಟಿದ ಜಾಗಗಳನ್ನು ಗಮನಿಸುವ ಅಭ್ಯಾಸವಾದರೆ ಸಾಕು.

ಆರನೆಯ ಹೆಜ್ಜೆ: ಅರಮನೆಯ ಹೊರಗಿನ ಕಿವಿಗಳು

ಒಬ್ಬರ ಗ್ರಂಥವನ್ನೇ ಕೊನೆತನಕ ಓದಿಸಿದರೆ ಉಸಿರು ಕಟ್ಟುತ್ತದೆ. ನಡುನಡುವೆ ಬೇರೆ ಸಾಕ್ಷಿಗಳು ಬರಲಿ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಪೋರ್ಚುಗೀಸರ ರಾಯಭಾರಿಯ ಜೊತೆಗೆ ಗೇರುಸೊಪ್ಪೆಯ ಮೂಲಕ ಘಟ್ಟ ಹತ್ತಿ, ವೆಂಕಟಪ್ಪ ನಾಯಕ ಆಳುತ್ತಿದ್ದ ಇಕ್ಕೇರಿಗೆ ಬಂದ. ದಾರಿಯಲ್ಲಿ ಗುಡಿಯ ಜಗಲಿಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಪತ್ರದಲ್ಲಿ ಬರೆದ. ಇಕ್ಕೇರಿಯಲ್ಲಿ ಗಂಡನ ಚಿತೆ ಏರಲು ಸಿದ್ಧಳಾಗಿದ್ದ ಒಬ್ಬ ಸಾಮಾನ್ಯ ಹೆಂಗಸಿನ ಮನೆಗೆ ಹೋಗಿ ಅವಳನ್ನು ಮಾತನಾಡಿಸಿದ. ಅವಳ ಗಂಡ ಡೋಲು ಬಾರಿಸುವವನು. ಅವಳ ಹೆಸರನ್ನೂ ಅವನು ತನ್ನ ಕಿವಿಗೆ ಕೇಳಿದ ಹಾಗೆ ಬರೆದಿಟ್ಟ, ನಮ್ಮ ಬಾಯಲ್ಲಿ ಅದು ಜಕ್ಕಮ್ಮ ಆಗುತ್ತದೆ. ಅರಮನೆಯ ಕವಿಗಳಿಗೆ ಅವಳು ಕಾವ್ಯದ ವಸ್ತುವಲ್ಲ. ಹೊರಗಿನವನಿಗೆ ಯಾರು ಮುಖ್ಯ, ಯಾರು ಅಲ್ಲ ಎಂದು ತಿಳಿದಿರಲಿಲ್ಲ, ಆದ್ದರಿಂದಲೇ ಅವಳು ಉಳಿದಳು. ನಿಮ್ಮ ಕಥೆಯಲ್ಲೂ ಇಂಥ ಒಬ್ಬ ದಾರಿಹೋಕನ ಪತ್ರ ಇರಲಿ, ಹತ್ತು ಪುಟ ಸಾಕು.

ಹೊರಗಿನವರು ಮಾತ್ರವಲ್ಲ. ಎತ್ತಿನ ಮೇಲೆ ಕೂತು ಊರೂರು ತಿರುಗಿ, ಮನೆಮನೆಯ ವಂಶಾವಳಿಯನ್ನು ಹೇಳುವ ಹೆಳವರು ನಮ್ಮ ನಾಡಿನ ದೊಡ್ಡ ಚರಿತ್ರಕಾರರು. ಅವರಿಗೆ ಒಂದೇ ಮನೆಯ ಋಣವಿಲ್ಲ. ಸಾಗರದ ಸುತ್ತಮುತ್ತ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವೂ ಒಂದು ಬರವಣಿಗೆಯೇ. ಮಂಜುಕೋಟೆಯ ಕೆಳಗಿನ ಸುರಂಗದಲ್ಲಿ ಹೆಂಗಸರು ಗೋಡೆಯ ಮೇಲೆ ಹಾಕುವ ಚಿತ್ತಾರದಲ್ಲಿ ಪ್ರತಿ ವರ್ಷ ಒಂದು ದೋಣಿ ಬರುತ್ತದೆ, ಅದರ ಸುತ್ತ ಹನ್ನೊಂದು ಚುಕ್ಕೆ. ಅದು ಯಾರ ದೋಣಿ ಎಂದು ನಾಗವೇಣಿ ಗ್ರಂಥದಲ್ಲಿ ಬರೆಯುವುದಿಲ್ಲ. ಚಿತ್ತಾರ ಚೆನ್ನಾಗಿತ್ತು ಎಂದಷ್ಟೇ ಬರೆಯುತ್ತಾಳೆ.

ಮುಳುಗಿದ್ದು ಮೇಲೆ ಬರುವ ಕಾಲವನ್ನೂ ಗೊತ್ತುಮಾಡಿಕೊಳ್ಳಿ. ಶರಾವತಿಗೆ 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, 1964ರಲ್ಲಿ ಲಿಂಗನಮಕ್ಕಿ ಬಂದ ಮೇಲೆ ಅದರ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ಇಳಿದ ವರ್ಷಗಳಲ್ಲಿ ಅದು ಗಟ್ಟಿಮುಟ್ಟಾಗಿ ಎದ್ದು ಕಾಣುತ್ತದೆ. ಹಿನ್ನೀರಿನಿಂದ ಎದ್ದು ಬಂದ ಕುಟುಂಬಗಳವರು ತಮ್ಮ ಊರಿನ ಕಡೆ ಕೈ ತೋರಿಸಿ ‘ನಮ್ಮ ಮನೆ ಅಲ್ಲಿ’ ಎನ್ನುವಾಗ ಎದುರಿಗೆ ಬರೀ ನೀರು. ಏಳು ವರ್ಷದ ಬೇಸಿಗೆಯಲ್ಲಿ ಟೈಟಾನಿನ ಕಡಲು ಹಿಂದೆ ಸರಿದಾಗ ಸೋಮಣ್ಣನ ದೋಣಿ ನನ್ನ ಕಥೆಯಲ್ಲಿ ದಡಕ್ಕೆ ಕಾಣುತ್ತದೆ. ಆ ದೃಶ್ಯವನ್ನು ನಾನು ಅಂಬಾರಗೋಡ್ಲಿನ ದಡದಲ್ಲಿ ನಿಂತು ಯೋಚಿಸಿದೆ.

ಇನ್ನೊಂದು ಉಪಾಯ: ಒಂದೇ ವ್ಯಕ್ತಿಗೆ ಎರಡು ಗ್ರಂಥಗಳಲ್ಲಿ ಎರಡು ಹೆಸರು. ಸತ್ತನೆಂದು ಹೇಳಲಾಗಿದ್ದ ಕೆಳದಿಯ ಯುವ ಅರಸ ಚೆನ್ನಬಸಪ್ಪ ನಾಯಕ ತಾನೇ ಎಂದು ಯುವಕನೊಬ್ಬ ಹೈದರಾಲಿಯ ಬಳಿಗೆ ಹೋದ, ಬಿದನೂರಿನ ಮೇಲಿನ ದಾಳಿಗೆ ಅದೊಂದು ನೆಪವಾಯಿತು. ಒಬ್ಬರಿಗೆ ರಾಜಕುಮಾರ, ಇನ್ನೊಬ್ಬರಿಗೆ ವೇಷಗಾರ. ಆಗ ಬಿದನೂರನ್ನು ಆಳುತ್ತಿದ್ದ ರಾಣಿ ವೀರಮ್ಮಾಜಿಯ ಕಡೆಯವರು ಬರೆದರೆ ಒಂದು, ಗೆದ್ದವರು ಬರೆದರೆ ಇನ್ನೊಂದು. ಊರಿನ ಹೆಸರೂ ಹಾಗೆಯೇ: ಬಿದನೂರು ಹೈದರ್‌ನಗರವಾಯಿತು, ಈಗ ಹೊಸನಗರ ತಾಲ್ಲೂಕಿನ ನಗರ. ನಿಮ್ಮ ಗ್ರಹದ ಊರುಗಳಿಗೂ ಎರಡೆರಡು ಹೆಸರು ಕೊಟ್ಟು, ಯಾರು ಯಾವ ಹೆಸರಿನಿಂದ ಕರೆಯುತ್ತಾರೆ ಎಂಬುದರಲ್ಲೇ ಪಕ್ಷ ತೋರಿಸಿ.

ಏಳನೆಯ ಹೆಜ್ಜೆ: ಅಳಿಸಿದ್ದು

ಈಗ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೊದಲು ಕಡತವೆಂದರೆ ಬಟ್ಟೆಯ ಹೊತ್ತಗೆ. ಹುಣಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಬೇಕಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಚರಿತ್ರಕಾರರ ಕೈಗೆ ಅಳಿಸಬಹುದಾದ ವಸ್ತುವನ್ನು ಕೊಟ್ಟರೆ ಕಥೆಗೆ ಇನ್ನೊಂದು ಪದರ ಸಿಗುತ್ತದೆ. ನಾಗವೇಣಿ ಗಣಕದಲ್ಲಿ ಬರೆಯುವುದಿಲ್ಲ. ಅರಮನೆಯ ಗಣಕವನ್ನು ಒಡತಿ ಓದುತ್ತಾಳೆ. ಅವಳು ಕಡತದಲ್ಲಿ ಬರೆಯುತ್ತಾಳೆ.

ಮಾಡಬೇಕಾದ ಕೆಲಸ ಹೀಗಿದೆ. ಪೂರ್ತಿ ಕರಡು ಮುಗಿದ ಮೇಲೆ, ಒಡತಿಯ ಕಣ್ಣಿನಿಂದ ಅದನ್ನು ಓದಿ, ಅವಳು ಅಳಿಸು ಎನ್ನಬಹುದಾದ ಏಳೆಂಟು ಸಾಲುಗಳನ್ನು ನಿಜವಾಗಿಯೂ ಅಳಿಸಿ. ಅಳಿಸಿದ ಜಾಗದಲ್ಲಿ ಬೇರೆ ಏನನ್ನಾದರೂ ಬರೆಯಿರಿ, ಆದರೆ ಹೊಸ ಸಾಲು ಹಳೆಯದರಷ್ಟೇ ಉದ್ದ ಇರಲಿ. ಮಳೆಯ ವರದಿ, ಹಬ್ಬದ ಅಡುಗೆ, ಬಂದವರ ಪಟ್ಟಿ, ಹೀಗೆ ಏನಾದರೂ. ಮುಖ್ಯವಾದ ಮಾತು ಬರಬೇಕಾದ ಜಾಗದಲ್ಲಿ ಹಠಾತ್ತಾಗಿ ಪಾಯಸದ ವರ್ಣನೆ ಬಂದರೆ ಓದುಗರು ಬೆಚ್ಚಿಬೀಳುತ್ತಾರೆ. ಹೀಗೆ ಬೆಚ್ಚಿಬೀಳಿಸುವುದನ್ನು ಮೂರು ಸಲಕ್ಕಿಂತ ಹೆಚ್ಚು ಮಾಡಬೇಡಿ. ನಾಲ್ಕನೆಯ ಸಲಕ್ಕೆ ಅದು ತಂತ್ರವೆಂದು ಕಾಣುತ್ತದೆ.

ಪದಗಳ ಬಗ್ಗೆ ಒಂದೆರಡು ಮಾತು

ನೌಕೆ, ಕಕ್ಷೆ, ಗುರುತ್ವ, ಉಪಗ್ರಹ ಇವು ಶಾಲೆಯ ಪಾಠದಿಂದಲೇ ನಮಗೆ ಬಂದಿವೆ, ಧೈರ್ಯವಾಗಿ ಬಳಸಿ. ರಾಕೆಟ್, ಆಕ್ಸಿಜನ್, ರೋಬೋಟ್ ಹಾಗೆಯೇ ಇರಲಿ. ಆದರೆ ಅಲ್ಲೇ ಹುಟ್ಟಿ ಬೆಳೆದವರು ದಿನಬಳಕೆಯ ವಸ್ತುವನ್ನು ಅಷ್ಟು ಉದ್ದ ಹೆಸರಿನಿಂದ ಕರೆಯುವುದಿಲ್ಲ. ಆಕ್ಸಿಜನ್ ತುಂಬಿದ ಕೊಳವೆ ಅವರಿಗೆ ಬರೀ ‘ಉಸಿರು’. ಹೊರಗೆ ಹೋಗುವ ರಕ್ಷಾಕವಚ ‘ಕಂಬಳಿ’ ಆಗಬಹುದು, ಮಲೆನಾಡಿನ ಗದ್ದೆಯಲ್ಲಿ ಕಂಬಳಿಕೊಪ್ಪೆ ಹೊದ್ದು ಕೆಲಸ ಮಾಡಿದವರ ನೆನಪಿನಿಂದ. ಹೆಚ್ಚು ಬೇಡ, ಇಂಥ ಹತ್ತು ಪದ ಒಂದು ಲೋಕಕ್ಕೆ ಸಾಕು.

ಕೊನೆಯ ಹೆಜ್ಜೆ: ಕೈಬರಹ ಬದಲಾಗುವ ಜಾಗ

ಚರಿತ್ರಕಾರರೂ ಸಾಯುತ್ತಾರೆ, ಓಡಿಹೋಗುತ್ತಾರೆ, ಕೆಲಸ ಕಳೆದುಕೊಳ್ಳುತ್ತಾರೆ. ಗ್ರಂಥ ಮಾತ್ರ ಮುಂದುವರಿಯುತ್ತದೆ. ನಿಮ್ಮ ಕಥೆ ಮುಗಿಯಬೇಕಾದ್ದು ಮನೆತನದ ಪತನದಲ್ಲಿ ಅಲ್ಲ ಎಂದು ನನ್ನ ಅನಿಸಿಕೆ. ಬರೆಯುವ ಕೈ ಬದಲಾದ ಕ್ಷಣದಲ್ಲಿ ನಿಲ್ಲಿಸಿ. ಹೊಸ ಕೈಯ ಭಾಷೆ ಕೊಂಚ ಬೇರೆಯಾಗಿರಲಿ, ವಾಕ್ಯಗಳು ಗಿಡ್ಡವಾಗಿರಲಿ, ಮೊದಲಿನವರಿಗೆ ಇದ್ದ ಜಾಣ್ಮೆ ಇಲ್ಲದಿರಲಿ. ಆದರೆ ಅದೂ ಅದೇ ಉಗ್ರಾಣದ ಲೆಕ್ಕ ನೋಡಿ ಬೆಳೆದ ಕೈ ಆಗಿರಲಿ.

ನನ್ನ ಕಥೆಯ ಕೊನೆಯ ಮಡಿಕೆ ಹೀಗಿದೆ:

‘ಇಲ್ಲಿಂದ ಮುಂದೆ ರಾಯಸದ ಕೆಲಸ ನನ್ನದು. ನಾಗವೇಣಮ್ಮನವರು ಅಮ್ಮನವರ ಅಪ್ಪಣೆಯಂತೆ ಉತ್ತರ ಕಡಲಿನ ಬಾಗಿಲಿಗೆ ಹೋಗಿದ್ದಾರೆ. ಹೊರಡುವಾಗ ಕಡತವನ್ನು ನನ್ನ ಕೈಗೆ ಕೊಟ್ಟರು. ಅವರ ದೋಣಿಗೆ ತುಂಬಿಸಿದ ಉಸಿರಿನ ಲೆಕ್ಕ ಮುಂದಿನ ಮಡಿಕೆಯಲ್ಲಿದೆ.’

ಮುಂದಿನ ಮಡಿಕೆಯನ್ನು ಖಾಲಿ ಬಿಡಿ.